ಉಡಿ ತುಂಬುವ ಹಕ್ಕು

ಮದುವೆ, ವೈಧವ್ಯ, ಕಾಯ್ದೆ ಈ ಮೂರನ್ನೂ ಒಟ್ಟಿಗಿಟ್ಟು ಬೀದರ ಸೀಮೆಯ ಹೆಣ್ಣಿನ ಚರಿತ್ರೆ ಬರೆದವರಲ್ಲಿ ಡಾ. ಸುಲಭಾ ಮೇಡಂ ಅವರದು ಮೊದಲ ಹೆಸರು. ಭಾಲ್ಕಿಯಲ್ಲಿ ಉಪನ್ಯಾಸಕಿಯಾಗಿ ಸೇವೆಗೆ ಸೇರಿ, ಬೀದರಿನಲ್ಲಿ ಪ್ರಾಧ್ಯಾಪಕಿಯಾಗಿ ನಿವೃತ್ತರಾದ ಅವರು ಕನ್ನಡ, ಮರಾಠಿ ಎರಡರಲ್ಲೂ ಜಗಳವಾಡಬಲ್ಲರು; ಆಡಿದರು ಕೂಡ.

ಔರಾದ ತಾಲೂಕಿನ ಎಕಂಬಾದಲ್ಲಿ ಕುರಿ ಸಾಕುವ ಮನೆಯ ವಿಧವೆ ಅಂಜನಾಬಾಯಿ ಉಡಕಿ, ಎಂದರೆ ಮರುಮದುವೆ, ಮಾಡಿಕೊಂಡಾಗ ಮೈದುನರು ಆಕೆಯ ಪಾಲಿನ ಹೊಲಕ್ಕೆ ಬೇಲಿ ಹಾಕಿದರು. "ಉಡಕಿ ಆದಾಕಿಗಿ ಎಲ್ಲೀ ಹೊಲಾರಿ?" ಎಂದು ಊರ ಹಿರಿಯರೂ ತಲೆಯಾಡಿಸಿದರು. ಹಾಗೆನ್ನುತ್ತಿದ್ದ ಬ್ರಿಟಿಷರ ಕಾಲದ ಕಾಯ್ದೆಯ ಕಲಮು ರದ್ದಾಗಿ ಎಷ್ಟೋ ಕಾಲವಾಗಿತ್ತು. ಸತ್ತ ಕಾನೂನನ್ನು ಹೆಗಲ ಮೇಲೆ ಹೊತ್ತು ತಿರುಗಲು ಆ ದೊಡ್ಡ ಮನುಷ್ಯರಿಗೆ ನಾಚಿಕೆಯಾಗಲಿಲ್ಲ. ಮೇಡಂ ರಜೆ ಹಾಕಿ, ವಕೀಲರನ್ನು ಹಿಡಿದು, ಅಂಜನಾಬಾಯಿಯ ಜೊತೆ ಕೋರ್ಟಿಗೆ ಎಡತಾಕಿ ಹೊಲ ಬಿಡಿಸಿಕೊಟ್ಟರು.

ಮುಂದೆ ಪತಿ ಶ್ರೀಪಾದರಾಯರು ತೀರಿಕೊಂಡಾಗ, ಬುದ್ಧಿಯಲ್ಲಿ ಆ ಹಿರಿಯರ ನೆಂಟರಾದವರು ಕಾಲೇಜಿನಲ್ಲೂ ಇದ್ದಾರೆಂಬುದು ಮೇಡಂ ಅವರಿಗೆ ತಿಳಿಯಿತು. ಸಹೋದ್ಯೋಗಿಗಳ ಮನೆಗಳಿಂದ ಮುತ್ತೈದೆಯರ ಹಳದಿ ಕುಂಕುಮಕ್ಕೆ ಬರುತ್ತಿದ್ದ ಕರೆ ನಿಂತಿತು. ಅವರು ಅದನ್ನು ನುಂಗಿಕೊಂಡರು.

ತಮ್ಮ ಬೀಳ್ಕೊಡುಗೆಯ ದಿನ ಮಾತ್ರ ನುಂಗಿಕೊಳ್ಳಲಿಲ್ಲ. ನೌಬಾದದ ಸಭಾಗೃಹ. ಅಂದೇ ನಿವೃತ್ತರಾದ ಸಹೋದ್ಯೋಗಿ ಅಶೋಕಕುಮಾರ ಅವರ ಪತ್ನಿಗೆ ವೇದಿಕೆಯ ಮೇಲೆ ಮುತ್ತೈದೆಗೆ ಸಲ್ಲುವಂತೆ ಸೆರಗಿಗೆ ಅಕ್ಕಿ, ಕುಪ್ಪಸದ ಖಣ, ತೆಂಗಿನಕಾಯಿ ಹಾಕಿ ಉಡಿ ತುಂಬಿದರು. ಜೀವಮಾನವೆಲ್ಲ ಪಾಠ ಹೇಳಿದ ಮೇಡಂ ಅವರಿಗೆ ಬರೀ ಶಾಲು! ಅವರ ಶಿಷ್ಯೆ, ಈಗ ಅದೇ ವಿಭಾಗದ ಉಪನ್ಯಾಸಕಿಯಾಗಿರುವ ಭಕ್ತಿ, ಇನ್ನೊಂದು ಉಡಿಯ ತಾಟು ಎತ್ತಿಕೊಂಡು ಅವರತ್ತ ನಡೆದಳು. ಹಿರಿಯ ಸಹೋದ್ಯೋಗಿಯೊಬ್ಬರು ಅವಳ ತೋಳು ಹಿಡಿದರು.

"ಮುಂದಿನ ತಿಂಗಳ ನಿನ್ನ ಮದಿವಿ ಅದ. ವಿಧವಿಗಿ ಯಾರರ ಉಡಿ ತುಂಬತಾರೇನು?"

ಮೈಕು ಚಾಲೂ ಇತ್ತು. ಇಡೀ ಸಭೆ ಕೇಳಿಸಿಕೊಂಡಿತು, ಇಡೀ ಸಭೆ ಬಾಯಿಗೆ ಬೀಗ ಹಾಕಿಕೊಂಡಿತು. ಮೇಡಂ ಅವರ ಮೈಯೆಲ್ಲ ಉರಿದುಹೋಯಿತು.

"ಇದು ಯಾವ ಕಲಮಿನ್ಯಾಗ ಬರದದರಿ?" ಎಂದು ಕೇಳಿದರು.

ಭಕ್ತಿ ತಾಟು ಹಿಡಿದುಕೊಂಡೇ ನಿಂತಿದ್ದಳು. ಆ ಹುಡುಗಿಯನ್ನು ಬೀಗರ ಬಾಯಿಗೆ ಕೊಡಲು ಮೇಡಂ ಅವರಿಗೆ ಮನಸ್ಸಾಗಲಿಲ್ಲ.

"ತಾಟ ಇಲ್ಲಿ ಕೊಡವಾ" ಎಂದರು.

ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದರು. ಸೆರಗೊಡ್ಡಿ, ಅಕ್ಕಿ, ಖಣ, ಕಾಯಿ ಒಂದೊಂದಾಗಿ ಎತ್ತಿ, ತಮ್ಮ ಉಡಿಯನ್ನು ತಾವೇ ತುಂಬಿಕೊಂಡರು.

ಸುಲಭಾ ಮೇಡಂ ನೂರ್ಕಾಲ ಬಾಳಲಿ, ಬರೆಯಲಿ, ಇನ್ನಷ್ಟು ಜಗಳವಾಡಲಿ. ಅವರ ವಿದ್ವತ್ತನ್ನು ಹೊಗಳಿ ಈ ಅಭಿನಂದನ ಸಂಪುಟದಲ್ಲಿ ಪುಟಗಟ್ಟಲೆ ಬರೆದವರೆಲ್ಲ ಅಂದು ಆ ಸಭೆಯಲ್ಲಿದ್ದರು, ಒಂದು ಹಿಡಿ ಅಕ್ಕಿ ಹಾಕಲು ಒಬ್ಬರೂ ಎದ್ದು ಬರಲಿಲ್ಲ ಎಂಬುದೂ ಇದೇ ಸಂಪುಟದಲ್ಲಿ ಅಚ್ಚಾಗಿರಲಿ.