ತಲೆಕೆಳಗಿನ ಪ್ರಶ್ನೆಚಿಹ್ನೆ

ಹೋದ ಭಾನುವಾರ ತುಮಕೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಕಾದಂಬರಿ ತೆರೆದೆ. ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಹಾಳೆಗಳ ಸಂದಿಯಲ್ಲಿ ಕಂದು ಪುಡಿ. ಪ್ರತಿ ಪ್ರಶ್ನೆಯ ಮುಂದೆ ಪೆನ್ಸಿಲಿನಲ್ಲಿ ಬರೆದ, ತಲೆಕೆಳಗಾದ ಪ್ರಶ್ನೆಚಿಹ್ನೆ. ಮೊದಲ ಪುಟದಲ್ಲಿ ಕೆಂಪು ಮೊಹರು: ‘ಹಾಳಾದ ಪುಸ್ತಕ’. ಒಂಬತ್ತು ವರ್ಷದ ಹಿಂದಿನ ಸಿಟ್ಟು ಹಾಗೇ ಎದ್ದು ಬಂತು.

ಕುಣಿಗಲ್‌ನಲ್ಲಿ ಆ ಚಿಹ್ನೆ ಬರೆದವರು ನಮ್ಮ ಪಕ್ಕದ ಮನೆಯವರು. ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವರ ಜಗುಲಿಯಲ್ಲಿ ಐದಾರು ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅವರಲ್ಲಿ ಓದು ಬರುತ್ತಿದ್ದುದು ಖಾಲಾಗೆ ಮಾತ್ರ. ಮಧ್ಯಾಹ್ನ ಖಾಲಾ ಕಾದಂಬರಿ ಓದುತ್ತಿದ್ದರು, ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಸರಿದೂಗಿಸುತ್ತಿದ್ದರು. ನಾನು ಕಾಲೇಜಿನಿಂದ ಬಂದು ಕೇಳುತ್ತಾ ಕೂರುತ್ತಿದ್ದೆ. ಅಂದು ಎಷ್ಟು ಪುಟವಾಯಿತು ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ.

ಮಗಳ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಾಗ, ಸ್ಪೇನ್ ದೇಶದ ಸಿಸ್ಟರ್ ಒಬ್ಬರ ಪ್ರಾರ್ಥನೆ ಪುಸ್ತಕದಲ್ಲಿ ಖಾಲಾ ಆ ಚಿಹ್ನೆಯನ್ನು ಕಂಡಿದ್ದರು. ಅಚ್ಚಿನ ತಪ್ಪೇ ಎಂದು ಕೇಳಿದರಂತೆ. ಅಲ್ಲವಂತೆ. ಅವರ ಭಾಷೆಯಲ್ಲಿ ಎಷ್ಟೋ ಪ್ರಶ್ನೆಗಳು ಸಾದಾ ವಾಕ್ಯದ ಹಾಗೆಯೇ ಇರುತ್ತವೆ. ಉದ್ದದ ವಾಕ್ಯವಾದರೆ ಕೊನೆ ಮುಟ್ಟುವವರೆಗೆ ಪ್ರಶ್ನೆಯೆಂದು ತಿಳಿಯುವುದಿಲ್ಲ. ಅದಕ್ಕೇ ಇನ್ನೂರು ವರ್ಷಕ್ಕೂ ಹಿಂದೆ ಅಲ್ಲಿನ ಭಾಷಾ ಅಕಾಡೆಮಿ, ಉದ್ದದ ಪ್ರಶ್ನೆಗಳ ಶುರುವಿನಲ್ಲೂ ಒಂದು ಚಿಹ್ನೆಯನ್ನು ತಲೆಕೆಳಗಾಗಿ ಇಡಿ ಎಂದಿತು. ಬರಬರುತ್ತಾ ಎಲ್ಲ ಪ್ರಶ್ನೆಗೂ, ಉದ್ಗಾರಕ್ಕೂ ಅದೇ ರೂಢಿಯಾಯಿತು.

“ಉರ್ದುನಲ್ಲಿ ‘ಕ್ಯಾ’ ಅಂತ ಮುಂದೇನೇ ಬಂದು ಕೂತ್ಕೊಂತದೆ ಕಣೇ,” ಎಂದಿದ್ದರು ಖಾಲಾ. “ಕನ್ನಡದಲ್ಲಿ ಬಾಲದಲ್ಲಿ ಬಚ್ಚಿಟ್ಕೊಂಡಿರ್ತದೆ. ಸಪ್ಪಗೆ ಓದ್ಕೊಂಡೋಗಿ ಕೊನೇಲಿ ದನಿ ಎತ್ತಿದ್ರೆ ಇವ್ರೆಲ್ಲ ಬೈತಾರೆ.”

“ಬೈಯ್ದೆ ಮುದ್ದಾಡ್ಬೇಕಾ?” ಮೂಲೆಯಲ್ಲಿದ್ದ ಅಜ್ಜಿ ಮೊರದಿಂದ ಕಣ್ಣೆತ್ತಲಿಲ್ಲ. “ಅವ್ಳು ಕೇಳ್ತಾವ್ಳಾ, ಹೇಳ್ತಾವ್ಳಾ ಅಂತ ನೋಡಕ್ಕೆ ನಮ್ ಕಣ್ಣೇನು ಬುಕ್ಕಲ್ಲಿದಾವಾ?”

ವಾಚನಾಲಯದಿಂದ ತಂದ ಈ ಕಾದಂಬರಿ ಆಗ ಹೊಸದು. ಹಾಳೆಗಳ ಅಂಚುಗಳು ಇನ್ನೂ ಕತ್ತರಿಸದೆ ಕೂಡಿಕೊಂಡಿದ್ದವು. ಖಾಲಾ ಬೀಡಿ ಎಲೆಯ ಕತ್ತರಿಯಲ್ಲಿ ಆ ದಿನಕ್ಕೆ ಬೇಕಾದಷ್ಟು ಬಿಡಿಸಿ, ಪ್ರಶ್ನೆಗಳ ಶುರುವಿಗೆ ಪೆನ್ಸಿಲಿನಲ್ಲಿ ಆ ಚಿಹ್ನೆ ಹಾಕಿಕೊಂಡು ಓದುತ್ತಿದ್ದರು. ಅರ್ಧ ಮುಗಿದಾಗ ಪುಸ್ತಕ ಹಿಂತಿರುಗಿಸುವ ದಿನ ಬಂತು. ಇನ್ನಷ್ಟು ದಿನ ಇಟ್ಟುಕೊಳ್ಳಲು ಕೇಳೋಣವೆಂದು ಇಬ್ಬರೂ ವಾಚನಾಲಯಕ್ಕೆ ಹೋದೆವು.

ಗುಮಾಸ್ತ ಪುಟ ತಿರುವಿದ. “ಬೀಡಿ ಕಟ್ಟೋರ ಕೈಗೆ ಪುಸ್ತಕ ಕೊಟ್ರೆ ಇನ್ನೇನಾಗುತ್ತೆ? ಪ್ರಶ್ನೆ ಗುರುತು ನೆಟ್ಟಗೆ ಬರೆಯೋಕೂ ಬರಲ್ಲ!”

“ಅಳಿಸಿ ಕೊಡ್ತೀನಿ ಸಾರ್. ಇನ್ನ ಅರ್ಧ ಐತೆ… ಎಲ್ರೂ ಕಾಯ್ತಾ ಅವ್ರೆ.”

ಅವನು ಖಾಲಾರ ಮುಖ ಕೂಡ ನೋಡದೆ ಮೊದಲ ಪುಟಕ್ಕೆ ಮೊಹರು ಒತ್ತಿ, ಕಾರ್ಡನ್ನು ಹರಿದು ಹಾಕಿದ. ನಾನು ಜಗಳಕ್ಕೆ ನಿಂತರೆ, “ಕಾಲೇಜು ಹುಡುಗಿ ನೀನು, ಇವ್ರ ಜೊತೆ ಯಾಕಮ್ಮ?” ಎಂದ.

ಕಥೆ ನಿಂತೇ ಹೋಯಿತು. ಗಂಡನನ್ನು ಬಿಟ್ಟುಬಂದ ನಾಯಕಿ ಮತ್ತೆ ಹೋಗುತ್ತಾಳೋ ಇಲ್ಲವೋ ಎಂದು ಹೆಂಗಸರು ಬಹಳ ದಿನ ವಾದ ಮಾಡಿದರು. ಖಾಲಾ ತಮ್ಮ ಪಾಲಿನ ಬೀಡಿಯನ್ನು ತಾವೇ ಕಟ್ಟತೊಡಗಿದರು. ಮುಂದಿನ ವರ್ಷ ಎದೆಯ ಕಾಯಿಲೆಯಿಂದ ಹೋಗಿಬಿಟ್ಟರು…

ಅಂಗಡಿಯಲ್ಲಿ ನಿಂತು ಅರ್ಧದಾಚೆಗೆ ತಿರುವಿದೆ. ಹಾಳೆಗಳ ಅಂಚುಗಳು ಇಂದಿಗೂ ಕೂಡಿಕೊಂಡೇ ಇವೆ. ಖಾಲಾರ ಕೈಯಿಂದ ಕಿತ್ತುಕೊಂಡು ಕಾಪಾಡಿದ್ದು ಯಾರಿಗಾಗಿ? ಅವರ ನಂತರ ಒಬ್ಬೇ ಒಬ್ಬ ಓದುಗ ಅದನ್ನು ಮುಟ್ಟಿಲ್ಲ. ಹಾಳು ಮಾಡಿದ್ದು ಯಾರು?

ಪುಸ್ತಕ ಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಅದೇ ಜಗುಲಿಯಲ್ಲಿ ಈಗ ಟ್ರಾನ್ಸಿಸ್ಟರ್ ಹಾಡುತ್ತಿತ್ತು. ಮೂಲೆಯ ಅಜ್ಜಿ ಇನ್ನೂ ಇದ್ದಾರೆ. ಯಾವ ಪುಸ್ತಕವೆಂದು ಹೇಳಿದ್ದೇ ತಡ, ಟ್ರಾನ್ಸಿಸ್ಟರ್ ಆರಿಸಿದರು.

“ಅವ್ಳು ವಾಪಸ್ ಹೋದ್ಳಾ?”

“ಗೊತ್ತಿಲ್ಲ ಅಜ್ಜಿ.”

ಅವರ ಮೊರದಿಂದಲೇ ಕತ್ತರಿ ತೆಗೆದುಕೊಂಡು ಅಂಚು ಬಿಡಿಸಿ ಓದತೊಡಗಿದೆ. ಒಂದು ಉದ್ದದ ವಾಕ್ಯದ ಕೊನೆಯಲ್ಲಿ ತಡಬಡಿಸಿ ದನಿ ಎತ್ತಿದೆ. ಅಜ್ಜಿಯ ಕೈ ನಿಂತಿತು.

“ಕೇಳ್ತಾವ್ಳೆ ಅಂತ ಮೊದ್ಲೇ ಹೇಳ್ಬಾರ್ದೇನವ್ವ?”

ಅದೇ ವಾಕ್ಯವನ್ನು ಮೊದಲಿನಿಂದಲೇ ಪ್ರಶ್ನೆಯ ದನಿಯಲ್ಲಿ ಮತ್ತೆ ಓದಿದೆ. ನನಗೆ ಖಾಲಾರ ದನಿ ಬರಲಿಲ್ಲ.