ಅಕ್ಕನ ಕಾಯಿಲೆ, ನಮ್ಮ ಮರ್ಯಾದೆ

ಅಕ್ಕ ಓದಿನಲ್ಲಿ, ವೀಣೆಯಲ್ಲಿ, ಕೈಬರಹದಲ್ಲಿ ಎಲ್ಲದರಲ್ಲೂ ಮೊದಲು. ಒಂದಕ್ಷರ ಸೊಟ್ಟಗಾದರೆ ಇಡೀ ಪುಟ ಹರಿದು ಮತ್ತೆ ಬರೆಯುತ್ತಿದ್ದಳು. ಜಯನಗರದ ನಮ್ಮ ಮನೆಯಲ್ಲಿ ಅದನ್ನು ಶಿಸ್ತು ಎಂದು ಕರೆದು ಬಂದವರ ಮುಂದೆಲ್ಲ ಮೆರೆಸುತ್ತಿದ್ದರು. ಅದು ಹೆದರಿಕೆ ಎಂದು ತಿಳಿಯುವಷ್ಟು ಬುದ್ಧಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಊಟಕ್ಕೆ ಕೂತರೆ ಅಮ್ಮನ ಕಣ್ಣು ಅವಳ ಮೇಲೆ. "ತುಪ್ಪ ಸಾಕು ಕಣೇ, ಕೆನ್ನೆ ನೋಡ್ಕೋ ಹೇಗಾಗಿದೆ" ಎನ್ನುವವಳೂ ಅಮ್ಮನೇ, ಹತ್ತು ನಿಮಿಷ ಬಿಟ್ಟು "ಇಷ್ಟು ಕಷ್ಟಪಟ್ಟು ಹೋಳಿಗೆ ಮಾಡಿದೀನಿ, ಒಂದಾದ್ರೂ ತಿನ್ನಲ್ವಾ?" ಎಂದು ಮುಖ ಊದಿಸಿಕೊಳ್ಳುವವಳೂ ಅವಳೇ. ಅಪ್ಪ ಪೇಪರಿನ ಹಿಂದೆ ಅಡಗಿರುತ್ತಿದ್ದರು. ತಮ್ಮನಾದ ನಾನು 'ಡುಮ್ಮಿ' ಎಂದು ಛೇಡಿಸಿದಾಗ ಮಾತ್ರ ಪೇಪರ್ ಇಳಿಸಿ ನಗುತ್ತಿದ್ದರು. ಮಗಳೊಡನೆ ಮಾತಾಡಲು ಬಾರದ ಮನುಷ್ಯನಿಗೆ ಆ ನಗು ಹೇಗೆ ಬರುತ್ತಿತ್ತೋ!

ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು, ನೆಂಟರಿಗೆಂದು ಇಟ್ಟಿದ್ದ ಚಕ್ಕುಲಿ, ಬೆಳಗಿನ ತಣ್ಣನೆಯ ಉಪ್ಪಿಟ್ಟು ಎಲ್ಲವನ್ನೂ ಗಬಗಬನೆ ತಿನ್ನುತ್ತಿದ್ದಳು. ನನ್ನನ್ನು ಕಂಡವಳೇ ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡಳು. ನಲ್ಲಿಯ ಸದ್ದನ್ನೂ ಮೀರಿ ವಾಂತಿಯ ಸದ್ದು ಕೇಳಿಸಿತು.

"ಅಮ್ಮನಿಗೆ ಹೇಳ್ಬೇಡ ಕಣೋ, ಪ್ಲೀಸ್," ಎಂದಳು ಹೊರಬಂದು.

ನಾನು ಹೇಳಿದೆ. ಅಮ್ಮ ಮೊದಲು ಕೇಳಿದ್ದು: "ಪಕ್ಕದ ಮನೆಯವ್ರಿಗೆ ಗೊತ್ತಾಯ್ತಾ?"

ನಾಲ್ಕನೇ ಬ್ಲಾಕಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಇದು ಬುಲಿಮಿಯಾ, ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆ ಎಂದರು. ಊಟದ ಹೊತ್ತಿನಲ್ಲಿ ಮನೆಯವರು ಏನು ಮಾತಾಡುತ್ತೀರಿ ಎಂದು ಕೇಳಿದರು.

"ನಮ್ದು ತುಂಬಾ ಒಳ್ಳೆ ಫ್ಯಾಮಿಲಿ, ಮೇಡಂ," ಎಂದರು ಅಪ್ಪ.

"ನಾನು ಕೇಳಿದ್ದು ಅದಲ್ಲ ಸಾರ್."

"ಇವಳಿಗೆ ಚಿಕ್ಕಂದಿನಿಂದ್ಲೂ ಹಟ," ಎಂದಳು ಅಮ್ಮ.

ಅಕ್ಕ ತಲೆ ಎತ್ತಿದಳು. "ಹಟ ಮಾಡೋಕೆ ಯಾವತ್ತು ಬಿಟ್ರಿ ನೀವು?"

ಮನೆಯೊಂದೇ ಕಾರಣವೆಂದು ಡಾಕ್ಟರಮ್ಮ ಹೇಳಲಿಲ್ಲ. ಆದರೆ ಅವಳ ಮೈಯ ಬಗ್ಗೆ ಮಾತು, ಗೇಲಿ ಇವತ್ತಿಗೇ ನಿಲ್ಲಬೇಕು ಎಂದರು. ವಾಪಸ್ ಬರುವಾಗ ಆಟೋದಲ್ಲೇ ಅಮ್ಮ ಶುರು ಮಾಡಿದಳು: "ಆ ಡಾಕ್ಟ್ರು ತಾನೇ ಎಷ್ಟು ದಪ್ಪ ಇದಾಳೆ, ನಮಗೆ ಬುದ್ಧಿ ಹೇಳ್ತಾಳೆ!" ಅಪ್ಪ ನಕ್ಕರು. ಅಭ್ಯಾಸಬಲದಿಂದ ನಾನೂ ನಕ್ಕೆ. ಅಕ್ಕ ರಸ್ತೆ ನೋಡುತ್ತ ಕೂತಿದ್ದಳು.

ಮುಂದಿನ ತಿಂಗಳು ಅವಳು ಜರಗನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದಳು. ಡಾಕ್ಟರ ಹತ್ತಿರ ಒಬ್ಬಳೇ ಹೋದಳು. ವಾಸಿಯಾಗಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ನಡುವೆ ಎರಡು ಸಲ ಮರುಕಳಿಸಿತು. ಈಗ ಚೆನ್ನಾಗಿದ್ದಾಳೆ.

ಮೊನ್ನೆ ಮದುವೆಮನೆಯೊಂದರಲ್ಲಿ ಅಮ್ಮ ಯಾರಿಗೋ ಹೇಳುತ್ತಿದ್ದಳು, "ನಾವು ಜೊತೇಲಿ ನಿಂತು ಸರಿಮಾಡಿಸಿದ್ವಿ." ಅಪ್ಪ ತಲೆಯಾಡಿಸಿದರು. ನಾನು ಪಕ್ಕದಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದೆ.