ಎತ್ತಿದ ಕೈ

ನನಗೆ ದೀಕ್ಷಾಸ್ನಾನವಾದದ್ದು ಹೊನ್ನಾಳಿಯಲ್ಲಿ, ತುಂಗಭದ್ರೆಯ ನೀರಿನಲ್ಲಿ. ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿತ್ತು, ನನಗೆ ಇಪ್ಪತ್ತೆರಡು. ನ್ಯಾಮತಿಯ ನಮ್ಮ ಮನೆಯವರು ಅಜ್ಜನ ಕಾಲದಿಂದ ಕ್ರೈಸ್ತರೇ. ಆದರೆ ಯಾರೂ ಯಾರನ್ನೂ ನೀರಿಗಿಳಿಯೆಂದು ಒತ್ತಾಯಿಸುವವರಲ್ಲ. ನಾನಾಗಿಯೇ ಕೇಳಿಕೊಂಡೆ. ಕಾರಣ ನನ್ನ ಸಿಟ್ಟು. ಒಮ್ಮೆ ಅಡುಗೆಮನೆಯಲ್ಲಿ ಏನೋ ಮಾತಿಗೆ ಮಾತು ಬೆಳೆದು, ಕೈಯಲ್ಲಿದ್ದ ಕಾದ ಸೌಟನ್ನು ತಂಗಿಯ ಮೇಲೆ ಎಸೆದಿದ್ದೆ. ಅವಳ ಮೊಣಕೈ ಮೇಲೆ ಸುಟ್ಟ ಕಲೆ ಉಳಿದುಹೋಯಿತು. ಆ ಕಲೆ ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯ. ಮುಳುಗಿ ಎದ್ದರೆ ಇದೆಲ್ಲ ಹೊಳೆಯಲ್ಲಿ ಹರಿದುಹೋಗುತ್ತದೆ ಎಂದು ನಂಬಿದ್ದೆ.

ಮೂರು ವಾರ ಚೆನ್ನಾಗಿತ್ತು. ನಾಲ್ಕನೆಯ ವಾರ, ಒಗೆದ ಸೀರೆ ಒಣಗಿಲ್ಲವೆಂದು ಅವ್ವನ ಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಅವ್ವ ಸೀರೆಯನ್ನು ಕೊಡವಿ ಮತ್ತೆ ಹರವಿದಳು, ಅಷ್ಟೆ. ನಾನು ಅಳುತ್ತಾ ನನಗೆ ದೀಕ್ಷಾಸ್ನಾನ ಕೊಟ್ಟ ಅಯ್ಯನವರ ಹತ್ತಿರ ಹೋದೆ. ನಾವೆಲ್ಲ ಸಭಾಪಾಲಕರನ್ನು ಅಯ್ಯನವರು ಎಂದೇ ಕರೆಯುತ್ತಿದ್ದೆವು. ನೀರು ನನಗೆ ತಾಗಲೇ ಇಲ್ಲವೇನೋ, ಇನ್ನೊಮ್ಮೆ ಮುಳುಗಿಸಿ ಎಂದೆ. ಅವರು ನಗಲಿಲ್ಲ. ಆ ಸ್ನಾನ ಒಂದೇ ಸಲದ್ದು, ಅದನ್ನು ಎರಡನೇ ಸಲ ಮಾಡುವುದಿಲ್ಲ ಎಂದರು. ಮಿಕ್ಕ ಕೆಲಸಕ್ಕೆ ಕರ್ತನು ಅವಸರ ಮಾಡುವುದಿಲ್ಲ, ನೀನೂ ಮಾಡಬೇಡ ಎಂದರು. ಆ ವಯಸ್ಸಿನಲ್ಲಿ ನನಗೆ ಅದು ಸಮಾಧಾನದ ಮಾತಾಗಿ ಕೇಳಲಿಲ್ಲ.

ಮುಂದೆ ತರಬೇತಿ ಮುಗಿಸಿ ನರ್ಸಮ್ಮನಾದೆ. ಹೆರಿಗೆ ಮಾಡಿಸುವುದು, ಚುಚ್ಚುಮದ್ದು ಹಾಕುವುದು, ಹಳ್ಳಿಯಿಂದ ಹಳ್ಳಿಗೆ ನಡೆಯುವುದು. ಮೊದಲು ಚನ್ನಗಿರಿ ಕಡೆ, ಸೂಳೆಕೆರೆ ಸುತ್ತಲಿನ ಊರುಗಳು. ಅಲ್ಲಿ ಕೈ ತೊಳೆಯಲು ನೀರಿಗೆ ಬರವಿರಲಿಲ್ಲ. ಎಂಬತ್ತರ ಹೊತ್ತಿಗೆ ಜಗಳೂರಿಗೆ ವರ್ಗವಾಯಿತು. ಇಲ್ಲಿ ಒಂದು ಚೊಂಬು ನೀರಿನಲ್ಲಿ ನನ್ನ ಕೈ, ಕತ್ತರಿ, ಕೂಸಿನ ಮೈ ಎಲ್ಲವೂ ಆಗಬೇಕಿತ್ತು. ಮದುವೆಯಾಗಿರಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮಾಡಿ ಹೊರಟರೆ ಸಂಜೆ ಕಾಲು ನೀವಿಕೊಂಡು ಮಲಗುವುದು. ದಣಿವಿದ್ದ ದಿನ ಸಿಟ್ಟು ಚರ್ಮದ ಕೆಳಗೇ ಇರುತ್ತಿತ್ತು.

ಸೊಕ್ಕೆ ಕಡೆಯ ಒಂದು ಹಳ್ಳಿಯಲ್ಲಿ ಅದು ಹೊರಗೆ ಬಂತು. ಬೇಸಿಗೆಯ ಮಧ್ಯಾಹ್ನ. ಚೊಚ್ಚಲ ಹೆರಿಗೆ, ಹುಡುಗಿಗೆ ಹತ್ತೊಂಬತ್ತಿರಬಹುದು. ಬಸ್ಸು ಕೆಟ್ಟು ನಾನು ಎರಡು ಹರದಾರಿ ನಡೆದು ಬಂದಿದ್ದೆ, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹುಡುಗಿ ಹೆದರಿ ಮೊಣಕಾಲು ಬಿಗಿದುಕೊಂಡಿದ್ದಳು. ಬಿಡು ಎಂದರೂ ಬಿಡಳು. ಕಡೆಗೆ ನೋವಿನಲ್ಲಿ ಕಾಲು ಝಾಡಿಸಿದ್ದೇ, ಕುದಿಸಿ ಇಟ್ಟಿದ್ದ ಕತ್ತರಿ, ದಾರ ಎಲ್ಲ ತಟ್ಟೆಯ ಸಮೇತ ಮಣ್ಣುನೆಲಕ್ಕೆ ಬಿದ್ದವು. ನನ್ನ ಕೈ ಎದ್ದದ್ದು ನನಗೆ ಗೊತ್ತಾಗಲಿಲ್ಲ. ಕೆನ್ನೆಗೆ ಬಿದ್ದ ಸದ್ದು ಗೊತ್ತಾಯಿತು.

ಹುಡುಗಿ ಅರಚುವುದನ್ನು ನಿಲ್ಲಿಸಿದಳು. ಪಕ್ಕದಲ್ಲಿದ್ದ ಹಳೆಯ ಸೂಲಗಿತ್ತಿ ಮುಖ ಆಚೆ ತಿರುಗಿಸಿದಳು. ಅರ್ಧ ಗಂಟೆಯೊಳಗೆ ಹೆಣ್ಣು ಕೂಸು ಹುಟ್ಟಿತು, ಇಬ್ಬರೂ ಕ್ಷೇಮ.

ನಾನು ತಲೆ ತಗ್ಗಿಸಿ ಬೈಗುಳಕ್ಕೆ ಕಾದಿದ್ದೆ. ಆದರೆ ಹುಡುಗಿಯ ಅತ್ತೆ ಬೆಲ್ಲದ ಕಾಫಿ ತಂದು ಕೈಗಿಟ್ಟು, "ನೀವೊಂದು ಹಾಕಿದ್ದಕ್ಕೇ ಆತು ನರ್ಸಮ್ಮಾರೆ, ಇಲ್ಲಾಂದ್ರೆ ಇನ್ನೂ ಹೊತ್ತು ಮಾಡೋಳು" ಎಂದಳು. ಆ ಮಾತು ಊರೂರು ತಿರುಗಿತು. ಈ ನರ್ಸಮ್ಮ ಗಟ್ಟಿಗಿತ್ತಿ, ಒಂದೇಟಿಗೆ ಹೆರಿಗೆ ಮಾಡಿಸುತ್ತಾಳೆ ಎಂದು ಹೆಸರಾಯಿತು. ಬೇರೆ ಊರಿನ ಅತ್ತೆಯಂದಿರು ಸೊಸೆ ನರಳುವಾಗ ನನ್ನ ಕಿವಿಯ ಹತ್ತಿರ ಬಂದು, ಒಂದು ಬಿಗಿಯಿರಿ ಎನ್ನತೊಡಗಿದರು. ನನ್ನ ಪಾಪಕ್ಕೆ ಜನ ಕೊಟ್ಟ ಗೌರವ ಅದು. ಬೈದಿದ್ದರೆ ಹೊತ್ತುಕೊಳ್ಳಬಹುದಿತ್ತು. ಹೊಗಳಿಕೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಜಗಳೂರಿನಲ್ಲಿ ನಾವು ಐದಾರು ಮನೆಯವರು ಒಂದು ಬಾಡಿಗೆ ಕೋಣೆಯಲ್ಲಿ ಕೂಡಿ ಆರಾಧನೆ ಮಾಡುತ್ತಿದ್ದೆವು. ತಿಂಗಳಿಗೊಮ್ಮೆ ಹೊನ್ನಾಳಿಯ ಆ ಅಯ್ಯನವರೇ ಬಸ್ಸು ಬದಲಿಸುತ್ತಾ ಬಂದು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಡೆಸುತ್ತಿದ್ದರು. ಅಷ್ಟರಲ್ಲಿ ಅವರಿಗೂ ವಯಸ್ಸಾಗಿತ್ತು. ಆ ಹೆರಿಗೆಯಾದ ಮೇಲೆ ನಾಲ್ಕು ತಿಂಗಳು ರೊಟ್ಟಿಯ ತಟ್ಟೆ ನನ್ನ ಮುಂದೆ ಬಂದಾಗ, ಹೊಡೆದ ಕೈಯಲ್ಲಿ ತೆಗೆದುಕೊಳ್ಳಲು ಅಂಜಿ ನಾನು ಮುಟ್ಟದೆ ಪಕ್ಕದವರಿಗೆ ದಾಟಿಸಿದೆ. ನಾಲ್ಕನೆಯ ಸಲ, ಎಲ್ಲರೂ ಎದ್ದು ಹೋದ ಮೇಲೆ, ಅವರು ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕುಳಿತರು. ಎಲ್ಲ ಹೇಳಿದೆ. ದೀಕ್ಷಾಸ್ನಾನವಾಗಿ ಹತ್ತು ವರ್ಷ ಕಳೆದರೂ ನಾನು ಸೌಟು ಎಸೆದವಳೇ ಎಂದೆ. ಆ ಮನೆಯವರಿಗೆ ಬೇಜಾರಿಲ್ಲ, ಹುಡುಗಿಯ ಅತ್ತೆ ಒಳ್ಳೆಯದೇ ಆಯಿತು ಅಂತಾರೆ ಎಂದೂ ಹೇಳಿದೆ.

"ಅತ್ತೆ ಮಾತು ಬಿಡಮ್ಮ. ಆ ಹುಡುಗಿ ಏನಂದ್ಲು?" ಎಂದು ಕೇಳಿದರು.

ಆ ಹುಡುಗಿಯನ್ನು ನಾನು ಕೇಳಿಯೇ ಇರಲಿಲ್ಲ. ಅವರು ಉಪದೇಶ ಮಾಡಲಿಲ್ಲ. ತಮ್ಮ ಒಡಹುಟ್ಟಿದವನ ಜೊತೆ ಹನ್ನೆರಡು ವರ್ಷ ಮಾತು ಬಿಟ್ಟು, ಹೋದ ವರ್ಷವಷ್ಟೇ ಅವನ ಮನೆಯ ಬಾಗಿಲಿಗೆ ಹೋದದ್ದನ್ನು ಹೇಳಿದರು. ಹನ್ನೆರಡು ವರ್ಷವೂ ಪೀಠದ ಮೇಲೆ ನಿಂತು ಕ್ಷಮೆಯ ಬಗ್ಗೆ ಹೇಳುತ್ತಿದ್ದೆ ಎಂದರು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಚೀಲ ತೆಗೆದುಕೊಂಡು ಎದ್ದರು.

ಮುಂದಿನ ವಾರ ಆ ಹಳ್ಳಿಗೆ ಹೋದೆ. ಹುಡುಗಿ ಮನೆಯ ಮುಂದೆ ಶೇಂಗಾ ಬಿಡಿಸುತ್ತಾ ಕುಳಿತಿದ್ದಳು, ಕೂಸು ಜೋಳಿಗೆಯಲ್ಲಿತ್ತು. ಎದುರಿಗೆ ನೆಲದ ಮೇಲೆ ಕುಳಿತು, ಅವತ್ತು ಹೊಡೆದದ್ದು ನನ್ನ ತಪ್ಪು, ನಿನ್ನದೇನೂ ಇರಲಿಲ್ಲ ಎಂದೆ. ಅವಳು ಕಾಯಿ ಬಿಡಿಸುತ್ತಲೇ ಇದ್ದಳು.

"ನೋವೆಲ್ಲ ಮರ್ತು ಹೋಗೈತ್ರಿ. ಅದೊಂದು ಮರೆಯಾಕೆ ಆಗಿಲ್ಲ" ಎಂದಳು. "ನಮ್ಮವ್ವನೂ ನನಗೆ ಹೊಡೆದಾಕಿ ಅಲ್ಲ."

ನಾನು ಎದ್ದು ನಿಂತಾಗ ಅವಳು ಮತ್ತೆ, "ಇನ್ನ ಯಾರಿಗೂ ಹೊಡಿಬ್ಯಾಡ್ರಿ" ಎಂದಳು. ಇಲ್ಲ ಎಂದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಗುರಾದೀತು ಎಂದುಕೊಂಡಿದ್ದ ಎದೆ ಹಗುರಾಗಲಿಲ್ಲ. ಆದರೆ ಆ ತಿಂಗಳು ರೊಟ್ಟಿ ತೆಗೆದುಕೊಂಡೆ.

ಅದಾದ ಮೇಲೂ ಕೈ ಏಳುವುದು ನಿಲ್ಲಲಿಲ್ಲ. ಒಂದೆರಡು ಸಲ ಭುಜದವರೆಗೆ ಎದ್ದದ್ದನ್ನು ಇಳಿಸಿ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದೇನೆ. ಯಾರ ಮೇಲೂ ಬೀಳಲಿಲ್ಲ. ಒಂದು ಬಿಗಿಯಿರಿ ಎಂದು ಬಂದ ಅತ್ತೆಯಂದಿರಿಗೆ, ನಾನು ಮಾಡಿದ್ದು ತಪ್ಪು ಎಂದು ಹೇಳುತ್ತಾ ಹೋದೆ. ಕೆಲವರು ನನಗೆ ಮೊದಲಿನ ಗಟ್ಟಿತನವಿಲ್ಲ ಎಂದು ಆಡಿಕೊಂಡರು.

ಮೂರು ವರ್ಷದ ನಂತರ ಅದೇ ಹುಡುಗಿಯ ಎರಡನೇ ಹೆರಿಗೆಗೆ ಅತ್ತೆ ಹೇಳಿಕಳಿಸಿದಳು. ಹೊಸಿಲ ಹತ್ತಿರ ಹೋಗುತ್ತಿದ್ದಂತೆ ಒಳಗಿನಿಂದ ಹುಡುಗಿಯ ಧ್ವನಿ, "ಅಜ್ಜಿನೇ ಮಾಡ್ಲಿ, ಅವ್ರು ಹೊರಗಿರ್ಲಿ." ಅಜ್ಜಿ ಎಂದರೆ ಆ ಹಳೆಯ ಸೂಲಗಿತ್ತಿ. ಅತ್ತೆ ನಾಚಿಕೊಂಡು ಸೊಸೆಯನ್ನು ಗದರಿದಳು. ನನ್ನ ಕಿವಿ ಬಿಸಿಯಾಯಿತು. ಓದಿ ಕಲಿತು ಬಂದ ನಾನು ಬಾಗಿಲ ಹೊರಗೆ, ಓದದ ಮುದುಕಿ ಒಳಗೆ. ಬ್ಯಾಗು ಎತ್ತಿಕೊಂಡು ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಅವಳು ಹೇಳಿದ ಹಾಗೇ ಆಗಲಿ ಎಂದು ಹೊಸಿಲಾಚೆ ಕುಳಿತು, ಬ್ಲೇಡು ದಾರ ಕುದಿಸಿ, ಬಾಗಿಲ ಸಂದಿಯಲ್ಲಿ ಒಂದೊಂದಾಗಿ ಕೊಟ್ಟೆ. ಪ್ರಾರ್ಥನೆ ಮಾಡಲು ನೋಡಿದರೆ, ಬಾಯಿಗೆ ಬಂದದ್ದೆಲ್ಲ ನನ್ನ ದೂರುಗಳೇ. ಅವನ್ನೇ ಕರ್ತನ ಮುಂದೆ ಇಟ್ಟೆ.

ಗಂಡು ಕೂಸಾಯಿತು. ರಕ್ತ ನಿಲ್ಲುತ್ತಿಲ್ಲವೆಂದು ಆಮೇಲೆ ಅಜ್ಜಿಯೇ ನನ್ನನ್ನು ಕರೆದಳು. ಚುಚ್ಚುಮದ್ದು ಕೊಟ್ಟು, ಹೊಟ್ಟೆ ನೀವುತ್ತಾ ಒಂದು ಗಂಟೆ ಕುಳಿತೆ. ಹುಡುಗಿ ನನ್ನ ಮುಖ ನೋಡಲಿಲ್ಲ. ಪೂರಾ ಹೊತ್ತು ನನ್ನ ಕೈಗಳನ್ನೇ ನೋಡುತ್ತಿದ್ದಳು. ರಕ್ತ ನಿಂತಿತು. ಅವಳಿಗೆ ನಿದ್ದೆ ಹತ್ತಿದ ಮೇಲೆ ಎದ್ದೆ.

ರಸ್ತೆಗೆ ಬರುವಷ್ಟರಲ್ಲಿ ಜಗಳೂರಿನ ಬಸ್ಸು ಬಂತು. ಕೈ ಮಾಡಿದರೂ ಮುಂದೆ ಹೋಗಿ ನಿಲ್ಲಿಸಿದರು. ಓಡಿ ಹತ್ತಿ, ಕಂಡಕ್ಟರನಿಗೆ ನಾಲ್ಕು ಜನ ತಿರುಗಿ ನೋಡುವಂತೆ ಬೈದೆ. ಬೈದು ಕುಳಿತ ಮೇಲೆ ನನಗೇ ಸಾಕೆನ್ನಿಸಿತು. ಇಳಿಯುವಾಗ ಬಾಗಿಲಲ್ಲಿ ನಿಂತು, ತಪ್ಪಾಯಿತಪ್ಪ, ಸುಸ್ತಾಗಿತ್ತು ಎಂದೆ. ಅವನು ಸೀಟಿ ಬಾಯಿಗಿಟ್ಟುಕೊಂಡೇ ತಲೆಯಾಡಿಸಿದ. ನಾನು ಮನೆ ಕಡೆ ನಡೆದೆ.